ಆರು ಗಾಬ್ಲಿನ್ ಸಾಕು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಟ್ಟಿಗೆ ಕೂತು, ಕಥೆ ಹೇಳುತ್ತಾ, ಡೈಸ್ ಉರುಳಿಸಿ ಆಡುವ ಆಟ; ಒಬ್ಬರು ಆಡಿಸುತ್ತಾರೆ, ಉಳಿದವರು ತಲಾ ಒಂದು ಪಾತ್ರ ಆಡುತ್ತಾರೆ. ಅದರಲ್ಲಿ ಕಾಳಗ ಸಪ್ಪೆಯಾಯ್ತು ಅಂದರೆ ಆಡಿಸುವವರು ಮೊದಲು ಮಾಡುವುದು ರಾಕ್ಷಸನ ಎಚ್‌ಪಿ, ಅಂದರೆ ಬೀಳುವ ಮುಂಚೆ ತಡೆದುಕೊಳ್ಳುವ ಪೆಟ್ಟಿನ ಲೆಕ್ಕ, ಏರಿಸುವ ಕೆಲಸ. ನಾನು ಅದಕ್ಕೆ ಕೈ ಹಾಕುವುದಿಲ್ಲ. ಎಚ್‌ಪಿ ಜಾಸ್ತಿಯಾದರೆ ಕಾಳಗ ಉದ್ದವಾಗುತ್ತದೆ, ಅಷ್ಟೇ. ಅದೇ ಕತ್ತಿ, ಅದೇ ಡೈಸ್, ಇನ್ನೆರಡು ರೌಂಡ್, ಅಂದರೆ ಎಲ್ಲರಿಗೂ ಇನ್ನೆರಡು ಸರದಿ. ಅಷ್ಟೊತ್ತಿಗೆ ಯಾರೋ ಒಬ್ಬರು ಫೋನ್ ನೋಡಲು ಶುರು ಮಾಡಿರುತ್ತಾರೆ.

ನಮ್ಮದು ನಾಲ್ಕು ಜನರ ತಂಡ: ಫೈಟರ್ (ಕತ್ತಿವೀರ), ರೋಗ್ (ಕಳ್ಳ), ಕ್ಲೆರಿಕ್ (ಪೂಜಾರಿ), ವಿಜಾರ್ಡ್ (ಮಂತ್ರವಾದಿ). ಎಲ್ಲರೂ ಮೂರನೇ ಲೆವೆಲ್. ಆಡುವುದು 2014ರಲ್ಲಿ ಬಂದ ಐದನೇ ಆವೃತ್ತಿ. ಅದರಲ್ಲಿ ಕಾಳಗದ ಕಷ್ಟ ಅಳೆಯುವುದು ಎಕ್ಸ್‌ಪಿ ಅನ್ನುವ ಅಂಕದಲ್ಲಿ. ಅದರ ಪ್ರಕಾರ ಇಂಥ ತಂಡಕ್ಕೆ 600 ಎಕ್ಸ್‌ಪಿ ಮೀಡಿಯಂ, 900 ಹಾರ್ಡ್, 1600 ಡೆಡ್ಲಿ. ಒಂದು ಗಾಬ್ಲಿನ್‌ಗೆ, ಅಂದರೆ ಕುಳ್ಳ ರಾಕ್ಷಸನಿಗೆ, 50. ಆರಕ್ಕೆ 300, ಗುಂಪಾಗಿ ಬಂದಿದ್ದಕ್ಕೆ ಎರಡರಿಂದ ಗುಣಿಸಿದರೆ 600. ಸರಿಯಾಗಿ ಮೀಡಿಯಂ. ಓಗರ್ ಅನ್ನುವ ದೈತ್ಯ ಒಂದೇ ಬಂದರೆ 450, ಅಂದರೆ ಈಸಿ. 59 ಎಚ್‌ಪಿ ಅಂತ ಕೇಳೋಕೆ ಜೋರಾಗಿದೆ, ಆದರೆ ಪ್ರತಿ ರೌಂಡಿಗೆ ಅದಕ್ಕೆ ಸಿಗುವುದು ಒಂದೇ ಟರ್ನ್, ಇವರಿಗೆ ನಾಲ್ಕು. ಸುತ್ತುಗಟ್ಟಿ ಬಡಿದರೆ ಕಥೆ ಮುಗೀತು.

ಇನ್ನೊಂದು ಮಾತು. ನಿಯಮ ಪುಸ್ತಕದ ಈ ಲೆಕ್ಕ ಆಟದೊಳಗಿನ ಒಂದು ದಿನಕ್ಕೆ ಆರರಿಂದ ಎಂಟು ಕಾಳಗ ಅಂತ ಇಟ್ಟುಕೊಂಡು ಮಾಡಿದ್ದು. ಭಾನುವಾರ ಮಧ್ಯಾಹ್ನ ಕೂತು ಆಡುವವರಿಗೆ ಅದೆಲ್ಲಿ ಸಾಧ್ಯ? ಒಂದೋ ಎರಡೋ ಆಗುತ್ತದೆ. ವಿಜಾರ್ಡ್ ಹತ್ತಿರ ಸ್ಪೆಲ್ ಎಲ್ಲಾ ಹಾಗೇ ಉಳಿದಿರುತ್ತವೆ. ಹಾಗಾಗಿ ಪುಸ್ತಕದ ಮೀಡಿಯಂ ನಮಗೆ ಸಲೀಸು. ಅದಕ್ಕೇ ನಾನು ಸಂಖ್ಯೆಗಿಂತ ಜಾಗ ಮತ್ತು ಉದ್ದೇಶದ ಮೇಲೆ ಕೆಲಸ ಮಾಡುತ್ತೇನೆ.

ಹೊಳೆ ದಾಟುವ ಕಾಳಗ ಕಟ್ಟಿದ್ದು ಹೀಗೆ. ತಂಡದ ಜೊತೆ ಒಂದು ಎತ್ತಿನ ಗಾಡಿ, ಅದರ ತುಂಬ ಔಷಧಿ. ಗಾಬ್ಲಿನ್‌ಗಳಿಗೆ ಯಾರನ್ನೂ ಕೊಲ್ಲಬೇಕಿಲ್ಲ, ಗಾಡಿ ಬೇಕು. ಇಬ್ಬರು ಮೂಗುದಾರ ಹಿಡಿದು ಎಳೆಯುತ್ತಾರೆ, ಇಬ್ಬರು ಅವರಿಗೆ ಕಾವಲು. ಉಳಿದಿಬ್ಬರು ಬಿಲ್ಲು ಹಿಡಿದು ಆಚೆ ದಡದ ಬಂಡೆಗಳ ಹಿಂದೆ. ಐದು ರೌಂಡಿನಲ್ಲಿ ಗಾಡಿ ಕಾಡು ಸೇರುತ್ತದೆ ಅಂತ ಮೊದಲೇ ಬಾಯಿಬಿಟ್ಟು ಹೇಳಿದೆ. ಇದನ್ನು ಗುಟ್ಟಾಗಿಟ್ಟರೆ ಆಟಗಾರರಿಗೆ ಲೆಕ್ಕ ಹಾಕೋಕೆ ಏನೂ ಇರುವುದಿಲ್ಲ, ಅಲ್ವಾ?

ಗ್ರಾಫ್ ಹಾಳೆ ಹಾಸಿ, ಒಂದು ಚೌಕಕ್ಕೆ ಐದು ಅಡಿ ಹಿಡಿದು, ಚೌಕಾಬಾರದ ಕವಡೆಗಳನ್ನೇ ಗಾಬ್ಲಿನ್ ಮಾಡಿ ಇಟ್ಟೆ. ಎಲ್ಲಿಡಬೇಕು ಅನ್ನುವುದಕ್ಕೇ ನನಗೆ ಜಾಸ್ತಿ ಹೊತ್ತು ಹಿಡಿಯಿತು. ಕಾರಣ ವಿಜಾರ್ಡ್‌ನ ಸ್ಲೀಪ್ ಸ್ಪೆಲ್, ಅಂದರೆ ಮಲಗಿಸುವ ಮಂತ್ರ. ಐದು ಎಂಟುಮುಖದ ಡೈಸ್ ಉರುಳಿಸಿದರೆ ಸರಾಸರಿ 22.5 ಬರುತ್ತದೆ, ಒಟ್ಟು ಅಷ್ಟು ಎಚ್‌ಪಿವರೆಗೆ ಮಲಗಿಸಬಹುದು. ಗಾಬ್ಲಿನ್‌ಗೆ ಇರುವುದು 7 ಎಚ್‌ಪಿ. ಒಟ್ಟಿಗೆ ನಿಂತಿದ್ದರೆ ಮೂವರು ಒಂದೇ ಏಟಿಗೆ ಗೊರಕೆ. ಆದರೆ ಸ್ಪೆಲ್ ಹರಡುವುದು 20 ಅಡಿ ಅಗಲದೊಳಗಲ್ಲ, ನಡುವಿನಿಂದ ಎಲ್ಲ ಕಡೆಗೂ 20 ಅಡಿ. ಅಂದರೆ 40 ಅಡಿ ಅಗಲದ ವೃತ್ತ. ಅದಕ್ಕೆ ಬಿಲ್ಲಿನವರನ್ನು ಗಾಡಿಯಿಂದ 60 ಅಡಿ ದೂರ ಇಟ್ಟೆ. ಸ್ಪೆಲ್ ಕೆಲಸ ಮಾಡುತ್ತದೆ, ಆದರೆ ಗಾಡಿ ಕಡೆಗೋ ಬಂಡೆ ಕಡೆಗೋ ಅಂತ ಒಂದನ್ನು ಆರಿಸಿಕೊಳ್ಳಬೇಕು.

ಬಂಡೆ ಹಿಂದಿನವರೇ ನಿಜವಾಗಿ ಕಾಡಿದ್ದು. ಗಾಬ್ಲಿನ್‌ಗೆ ಬೋನಸ್ ಆಕ್ಷನ್‌ನಲ್ಲೇ, ಅಂದರೆ ಅದೇ ಟರ್ನ್‌ನಲ್ಲಿ ಸಿಗುವ ಹೆಚ್ಚುವರಿ ಕೆಲಸದಲ್ಲೇ, ಅಡಗುವ ಶಕ್ತಿ ಇದೆ. ಬಾಣ ಬಿಡು, ಅಡಗು. ಮುಂದಿನ ಟರ್ನ್‌ನಲ್ಲಿ ಮರೆಯಿಂದ ಹೊಡೆದರೆ ಅಡ್ವಾಂಟೇಜ್, ಅಂದರೆ ಎರಡು ಸಲ ಡೈಸ್ ಹಾಕಿ ದೊಡ್ಡದನ್ನೇ ಇಟ್ಟುಕೊಳ್ಳುವುದು. ಫೈಟರ್ ಸೀದಾ ನೀರಿಗಿಳಿದ. ನೀರಲ್ಲಿ ಒಂದಡಿಗೆ ಎರಡಡಿ ಲೆಕ್ಕ, 30 ಅಡಿ ಓಡುವವನು 15ಕ್ಕೇ ನಿಂತ. "ಲೋ, ಗಾಡಿ ಹೋಗ್ತಿದೆ, ವಾಪಸ್ ಬಾರೋ!" ಅಂತ ರೋಗ್ ಆಡುವವಳು ಕೂಗಿದಳು. ಕೊನೆಗೆ ಕ್ಲೆರಿಕ್ ಗಾಡಿ ಹತ್ತಿ ಎತ್ತುಗಳ ಹಗ್ಗವನ್ನೇ ಕತ್ತರಿಸಿದ. ಎತ್ತು ಓಡಿದವು, ಗಾಡಿ ಅಲ್ಲೇ ನಿಂತಿತು. ಇದನ್ನು ನಾನು ಯೋಚಿಸಿರಲೇ ಇಲ್ಲ, ಆದರೆ ಒಪ್ಪಿಕೊಳ್ಳದಿರೋಕೆ ಕಾರಣವೂ ಇರಲಿಲ್ಲ.

ಮೂವರು ಬಿದ್ದ ಮೇಲೆ ಉಳಿದವರನ್ನು ಓಡಿಸಿಬಿಟ್ಟೆ. ಗೆದ್ದಾಗಿದೆ ಅಂತ ಗೊತ್ತಾದ ಮೇಲೂ ಕೊನೆಯ ಗಾಬ್ಲಿನ್ ಸಾಯುವವರೆಗೆ ಡೈಸ್ ಉರುಳಿಸುವುದು ಸುಮ್ನೆ ಬೇಜಾರು. ಡೈಸ್ ಮಾತ್ರ ಯಾವತ್ತೂ ಎಲ್ಲರ ಎದುರಿಗೇ ಹಾಕುತ್ತೇನೆ.

ಮುಂದಿನ ಸಲಕ್ಕೆ ಒಂದು ಓಗರ್, ನಾಲ್ಕು ಗಾಬ್ಲಿನ್. 650ರ ಎರಡರಷ್ಟು 1300, ಹಾರ್ಡ್. ಓಗರ್‌ಗೆ ಕೊಟ್ಟಿರುವ ಕೆಲಸ ಒಂದೇ: ಗುಹೆಯ ಬಾಯಿಗೆ ಅಡ್ಡ ನಿಲ್ಲುವುದು. ಒಳಗಿರುವ ಕೈದಿಯನ್ನು ಅಷ್ಟರಲ್ಲಿ ಗಾಬ್ಲಿನ್‌ಗಳು ಹಿಂದಿನ ದಾರಿಯಿಂದ ಸಾಗಿಸುತ್ತಿರುತ್ತವೆ.