ಕಂಪ್ಯೂಟರ್ ಗಡಿಯಾರ ತಪ್ಪಿದೆಯೇ? ಟರ್ಮಿನಲ್ ತೆರೆಯಿರಿ

ಎಪ್ರಿಲ್, ಮೇ ತಿಂಗಳ ಸಿಡಿಲಿಗೆ ಹೆದರಿ ಕಾಸರಗೋಡು ಕಡೆ ಕಂಪ್ಯೂಟರಿನ ಪ್ಲಗ್ ಕಿತ್ತಿಡುತ್ತೇವೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ಆನ್ ಮಾಡಿದರೆ ಕೆಲವು ಹಳೆಯ ಡೆಸ್ಕ್‌ಟಾಪ್‌ಗಳು ಯಾವುದೋ ಕಾಲದ ತಾರೀಕು ತೋರಿಸುತ್ತವೆ. ಬ್ರೌಸರ್ ಯಾವ ಸೈಟ್ ತೆರೆದರೂ ‘ಸುರಕ್ಷಿತವಲ್ಲ’ ಎನ್ನುತ್ತದೆ. ಇದು ನೆಟ್‌ನ ದೋಷವಲ್ಲ. ಸೈಟು ಅಸಲಿಯೇ ಎಂದು ತಿಳಿಸುವ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ವಾಯಿದೆ ಇರುತ್ತದೆ. ತಾರೀಕು ತಪ್ಪಿದರೆ ಅದು ಹೊಂದುವುದಿಲ್ಲ, ಅಷ್ಟೆ.

ಕೇರಳದ ಶಾಲೆಗಳಲ್ಲಿ ಇರುವುದು ಉಬುಂಟು ಆಧಾರಿತ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಹಾಗಾಗಿ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ಹೊಸದಲ್ಲ. ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ. ಟೈಮ್, ಡೇಟ್, ಸಿಟಿಎಲ್ ಇವನ್ನು ನಡುವೆ ಜಾಗ ಬಿಡದೆ, ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ.

ಸಮಯದ ವಿವರಗಳು ಸಾಲುಸಾಲಾಗಿ ಬರುತ್ತವೆ. ಈಗ ಅವಸರ ಬೇಡ. ಸಮಯ ತಿದ್ದುವುದು ಒಂದು ಸಾಲಿನ ಕೆಲಸ, ತಪ್ಪು ಎಲ್ಲಿದೆ ಎಂದು ಹಿಡಿಯುವುದೇ ನಿಜವಾದ ಕೆಲಸ. ‘ಲೋಕಲ್ ಟೈಮ್’ ನಮ್ಮ ಸಮಯ. ಇಡೀ ಜಗತ್ತಿಗೆ ಒಂದೇ ಆದ ‘ಯೂನಿವರ್ಸಲ್ ಟೈಮ್’ ಅದಕ್ಕಿಂತ ಐದೂವರೆ ಗಂಟೆ ಹಿಂದೆ ಇರಬೇಕು. ‘ಆರ್‌ಟಿಸಿ’ ಎಂದರೆ ಮದರ್‌ಬೋರ್ಡಿನಲ್ಲಿರುವ ಗಡಿಯಾರ. ಕಂಪ್ಯೂಟರ್ ಆಫ್ ಇದ್ದಾಗಲೂ ಸೆಲ್ಲಿನ ಬಲದಲ್ಲಿ ಓಡುವುದು ಅದೇ.

ಸರಿಯಾದ ಸಮಯಕ್ಕೂ ಇದಕ್ಕೂ ವ್ಯತ್ಯಾಸ ಎಷ್ಟಿದೆ ನೋಡಿ. ವರ್ಷಗಟ್ಟಲೆ ಹಿಂದಿದ್ದರೆ ಸೆಲ್ ಮುಗಿದಿದೆ. ಕೆಲವೇ ನಿಮಿಷ ಆಚೀಚೆ ಆಗಿದ್ದರೆ ನೆಟ್‌ನಿಂದ ಸಮಯ ಬರುತ್ತಿಲ್ಲ. ಸರಿಯಾಗಿ ಐದೂವರೆ ಗಂಟೆ ತಪ್ಪಿದ್ದರೆ ಟೈಮ್ ಝೋನ್ ಕೆಟ್ಟಿರಬಹುದು, ಇಲ್ಲವೇ ಅದೇ ಕಂಪ್ಯೂಟರಿನಲ್ಲಿ ವಿಂಡೋಸ್ ಕೂಡ ಇರಬಹುದು. ವಿಂಡೋಸ್ ಆರ್‌ಟಿಸಿಯಲ್ಲಿ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಅದನ್ನೇ ಯೂನಿವರ್ಸಲ್ ಟೈಮ್ ಎಂದು ಓದುತ್ತದೆ. ಬೆಳಿಗ್ಗೆ 10 ಗಂಟೆ ಮಧ್ಯಾಹ್ನ 3:30 ಆಗುವುದು ಹೀಗೆ!

ಝೋನ್ ತಪ್ಪಿದ್ದರೆ ಮೊದಲು ‘ಸುಡೋ’ (ಅಡ್ಮಿನ್ ಅಧಿಕಾರ ಕೊಡುವ ಪದ) ಬರೆದು, ಆಗ ಟೈಪ್ ಮಾಡಿದ ಅದೇ ಕಮಾಂಡ್ ಕೊಟ್ಟು, ಅದರ ನಂತರ ‘ಸೆಟ್-ಟೈಮ್‌ಝೋನ್ ಏಷ್ಯಾ/ಕೋಲ್ಕತಾ’ ಎಂದು ಬರೆಯಿರಿ. ಎರಡೂ ಹೆಸರಿನ ಮೊದಲ ಅಕ್ಷರ ದೊಡ್ಡದಿರಲಿ. ಮುಂದೆ ಬರುವ ‘ಸೆಟ್’ ಕಮಾಂಡುಗಳಿಗೂ ಹೀಗೇ ಮೊದಲು ‘ಸುಡೋ’ ಮತ್ತು ಆ ಕಮಾಂಡ್ ಬರೆಯಿರಿ. ‘ಎನ್‌ಟಿಪಿ ಸರ್ವಿಸ್’ (ನೆಟ್‌ನಿಂದ ಸಮಯ ತರುವ ವ್ಯವಸ್ಥೆ) ಸಾಲಿನಲ್ಲಿ ‘ಇನ್‌ಆ್ಯಕ್ಟಿವ್’ ಇದ್ದರೆ ‘ಸೆಟ್-ಎನ್‌ಟಿಪಿ ಟ್ರೂ’ ಕೊಡಿ. ನೆಟ್ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ‘ಸಿಸ್ಟಮ್ ಕ್ಲಾಕ್ ಸಿಂಕ್ರೊನೈಸ್ಡ್’ ಎದುರು ‘ಯೆಸ್’ ಬರುತ್ತದೆ. ಜಾಸ್ತಿ ಸಲ ಇಷ್ಟೇ ಸಾಕು.

ಕೈಯಿಂದ ಸಮಯ ಹಾಕುವುದು ನೆಟ್ ಇಲ್ಲದಲ್ಲಿ ಮಾತ್ರ. ಮೊದಲು ‘ಸೆಟ್-ಎನ್‌ಟಿಪಿ ಫಾಲ್ಸ್’ ಕೊಡಿ, ಇಲ್ಲದಿದ್ದರೆ ಕಂಪ್ಯೂಟರ್ ಒಪ್ಪುವುದಿಲ್ಲ. ಆಮೇಲೆ ‘ಸೆಟ್-ಟೈಮ್’ ಬರೆದು, ಉದ್ಧರಣ ಚಿಹ್ನೆಯೊಳಗೆ 2025-06-02 10:15:00 ಎಂಬ ಕ್ರಮದಲ್ಲಿ ತಾರೀಕು, ಸಮಯ ಹಾಕಿ. ಆರ್‌ಟಿಸಿಯೂ ಜೊತೆಗೇ ಸರಿಯಾಗುತ್ತದೆ. ಸಮಯವನ್ನು ಮೊಬೈಲ್ ನೋಡಿ ಹಾಕಿ, ಸೂರ್ಯನನ್ನು ನೋಡಿ ಬೇಡ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು. ಕಾಸರಗೋಡು ಇರುವುದು 75ರ ಹತ್ತಿರ, ಇಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಸುಮಾರು ಹನ್ನೆರಡೂವರೆ.

ವಿಂಡೋಸ್ ಜೊತೆಗಿದ್ದರೆ ‘ಸೆಟ್-ಲೋಕಲ್-ಆರ್‌ಟಿಸಿ 1’ ಸುಲಭದ ದಾರಿ, ಆಗ ಲಿನಕ್ಸ್ ಕೂಡ ಆರ್‌ಟಿಸಿಯನ್ನು ಸ್ಥಳೀಯ ಸಮಯವೆಂದೇ ಓದುತ್ತದೆ. ಬೇಸಿಗೆ ಸಮಯ ಬದಲಾಗುವಾಗ ಗೊಂದಲವಾಗಬಹುದು ಎಂದು ಲಿನಕ್ಸ್ ಇದಕ್ಕೆ ಎಚ್ಚರಿಕೆ ಕೊಡುತ್ತದೆ. ಆದರೆ ಬೇಸಿಗೆ ಸಮಯ ಎಂದು ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ, ಹಾಗಾಗಿ ಇಲ್ಲಿ ಅಷ್ಟು ತಲೆಬಿಸಿ ಬೇಡ.

ಆದರೆ ಸೆಲ್ ಮುಗಿದಿದ್ದರೆ ಕಮಾಂಡಿನಿಂದ ಶಾಶ್ವತ ಪರಿಹಾರ ಸಿಗದು. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಇರುವುದು ಸಿಆರ್2032 ಎಂಬ 3 ವೋಲ್ಟಿನ ಬಟನ್ ಸೆಲ್. ಪ್ಲಗ್ ಕಿತ್ತು, ಹಳೆಯದನ್ನು ತೆಗೆದು, ಪ್ಲಸ್ ಗುರುತು ಮೇಲೆ ಕಾಣುವಂತೆ ಹೊಸದನ್ನು ಕೂರಿಸಿ.