ಅದಾಲತ್‌ನ ಮೂರೂವರೆ ಲಕ್ಷ ಬೇಡ ಅಂದೆ: ನನ್ನ ಅನುಭವ

ನನ್ನ ಅಪಘಾತದ ಪರಿಹಾರಕ್ಕೆ ಲೋಕ ಅದಾಲತ್‌ನಲ್ಲಿ ಇನ್ಶೂರೆನ್ಸ್‌ನವರು ಮೂರೂವರೆ ಲಕ್ಷ ಅಂದಾಗ ಬೇಡ ಅಂದೆ. ತುಮಕೂರಿನ ನಮ್ಮ ಟೈಲ್ಸ್ ಹುಡುಗರೆಲ್ಲ ಬೈದರು. ‘ಸಿಕ್ಕಿದ್ದನ್ನ ತಗೊಂಬಿಡಿ ಮೇಸ್ತ್ರಿ, ಸುಮ್ನೆ ಯಾಕೆ ಅಲೀತೀರಾ?’ ಕೊನೆಗೆ ಕೋರ್ಟ್ ಕೊಟ್ಟಿದ್ದು ಹೆಚ್ಚುಕಮ್ಮಿ ಒಂಬತ್ತು ಲಕ್ಷ, ಅದರ ಮೇಲೆ ನೂರಕ್ಕೆ 6ರ ಬಡ್ಡಿ. ಅದಕ್ಕೇ ಬರೆಯುತ್ತಿದ್ದೇನೆ.

2022ರ ಕೊನೆಯಲ್ಲಿ ಶಿರಾ ರಸ್ತೆಯಲ್ಲಿ ನನ್ನ ಬೈಕಿಗೆ ಕಾರು ಗುದ್ದಿತು. ಎಡಮಂಡಿಯ ಕೆಳಗೆ ಮೂಳೆ ಮುರಿದು ಪ್ಲೇಟ್ ಹಾಕಿದರು. ಆ ಗಡಿಬಿಡಿಯಲ್ಲಿ ದೂರು ಕೊಟ್ಟಿದ್ದು ನಾಲ್ಕು ದಿನ ತಡ. ‘ಕಾರನ್ನು ಆಮೇಲೆ ಸೇರಿಸಿದ್ದಾರೆ’ ಅಂತ ಎದುರು ವಕೀಲರು ಅದನ್ನೇ ಹಿಡಿದುಕೊಂಡರು. ಉಳಿಸಿದ್ದು ಆಸ್ಪತ್ರೆಯ ಎಂಎಲ್‌ಸಿ ಪುಸ್ತಕ, ಅಂದರೆ ಅಪಘಾತದಂಥ ಪೊಲೀಸ್ ಕೇಸುಗಳನ್ನು ಬರೆದಿಡುವ ಪುಸ್ತಕ. ಅಪಘಾತವಾದ ರಾತ್ರಿಯೇ ನನ್ನ ತಮ್ಮ ಅದರಲ್ಲಿ ಕಾರಿನ ನಂಬರ್ ಬರೆಸಿದ್ದ. ಅಪಘಾತದ ಪರಿಹಾರಕ್ಕೆ ಕೇಸು ಹಾಕಲು 2022ರ ಏಪ್ರಿಲ್‌ನಿಂದ ಆರು ತಿಂಗಳ ಗಡುವು ಬಂದಿದೆ ಅಲ್ವಾ, ನಾನು ಕೇಸು ಹಾಕಿದ್ದು ಐದು ತಿಂಗಳು ದಾಟಿದ ಮೇಲೆ. ಸೀಲಿಲ್ಲದ ಬಿಲ್ಲುಗಳಲ್ಲಿ ಸುಮಾರು 40 ಸಾವಿರ ಕೈಬಿಟ್ಟುಹೋಯಿತು.

ನಿಜವಾದ ಜಗಳ ಅಂಗವೈಕಲ್ಯ ನೂರಕ್ಕೆ ಎಷ್ಟು ಅನ್ನುವ ಪರ್ಸೆಂಟೇಜಿನದು. ಕಾಲಿಗೆ 33, ಅದರಲ್ಲಿ ಮೂರನೇ ಒಂದು ಭಾಗ ಇಡೀ ದೇಹಕ್ಕೆ, ಅಂದರೆ 11 ಅಂತ ಡಾಕ್ಟರ್ ಬರೆದರು. ನಮ್ಮ ವಕೀಲರೂ ಸಾಕು ಅಂದರು. ನಾನು ಒಪ್ಪಲಿಲ್ಲ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ 11 ಸರಿ. ನಾವು ದಿನವಿಡೀ ಕುಕ್ಕರಗಾಲಲ್ಲಿ ಕೂರುವವರು. ನನ್ನ ಮಂಡಿ 90 ಡಿಗ್ರಿ ದಾಟಿ ಮಡಚುವುದಿಲ್ಲ. ಮಟ್ಟ ನೋಡಲು ಬಗ್ಗಿದರೆ ಏಳುವಾಗ ಗೋಡೆ ಹಿಡಿಯಬೇಕು. 2010ರ ರಾಜ್‌ಕುಮಾರ್–ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ: ಎಡಗೈ ಹೋದರೆ ಬಡಗಿಯ ನಷ್ಟವೇ ಬೇರೆ, ಗುಮಾಸ್ತನ ನಷ್ಟವೇ ಬೇರೆ. ಆ ತೀರ್ಪನ್ನು ನಾನೇ ಪ್ರಿಂಟ್ ಹಾಕಿಸಿ ವಕೀಲರ ಟೇಬಲ್ ಮೇಲಿಟ್ಟೆ.

ಕೆಲಸ ಮಾಡಲು ಕಷ್ಟಪಡುವುದನ್ನು ವಿಡಿಯೋ ಮಾಡಿಸಿದ್ದೆ, ಅದು ಉಪಯೋಗಕ್ಕೆ ಬರಲಿಲ್ಲ. ಕೆಲಸಕ್ಕೆ ಬಂದಿದ್ದು ಕಂಟ್ರಾಕ್ಟರ್ ಸಾಕ್ಷಿ, ಅವರ ಚದರಡಿ ಲೆಕ್ಕದ ಪುಸ್ತಕ. ಮುಂಚೆ ದಿನಕ್ಕೆ 80 ಅಡಿ ಕೂರಿಸುತ್ತಿದ್ದವನು ಈಗ 50 ದಾಟಿಲ್ಲ ಅನ್ನುವುದು ಅದರಲ್ಲೇ ಇತ್ತು. ಡಾಕ್ಟರಿಗೆ ಕಟಕಟೆಯಲ್ಲಿ ಕೇಳಿಸಿದ ಒಂದು ಪ್ರಶ್ನೆಯೂ ಕೇಸು ತಿರುಗಿಸಿತು. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರು ವಕೀಲರೂ ಓದುತ್ತಾರೆ.

ಕೋರ್ಟ್ ನೂರಕ್ಕೆ 20 ಹಿಡಿಯಿತು. ದುಡಿಮೆ ತಿಂಗಳಿಗೆ 15 ಸಾವಿರ, ವಯಸ್ಸು 38, ಮಲ್ಟಿಪ್ಲೈಯರ್ (ವಯಸ್ಸು ನೋಡಿ ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆ) 15. ಈ ದುಡಿಮೆ ನಷ್ಟ ಒಂದರಲ್ಲೇ 5 ಲಕ್ಷ 40 ಸಾವಿರ. 11 ಆಗಿದ್ದರೆ ಮೂರು ಲಕ್ಷವೂ ಮುಟ್ಟುತ್ತಿರಲಿಲ್ಲ. ಓಡಾಟಕ್ಕೆ, ಡಾಕ್ಟರ್ ಸಾಕ್ಷಿಗೆ 30 ಸಾವಿರದ ಹತ್ತಿರ ಹೋಯಿತು, ವಕೀಲರ ಫೀಸು ಬೇರೆ. ಅರ್ಧ ದುಡ್ಡನ್ನು ಕೋರ್ಟೇ ಎಫ್‌ಡಿ ಮಾಡಿಸಿತು.

ಪ್ಲೇಟ್ ತೆಗೆಸುವ ಎಸ್ಟಿಮೇಟನ್ನೂ ಅದೇ ಕೇಸಿನಲ್ಲಿ ಹಾಕಿ. ನನಗೆ 35 ಸಾವಿರ ಸಿಕ್ಕಿತು. ಅದಾಲತ್‌ನಲ್ಲಿ ಸಹಿ ಹಾಕಿದ್ದರೆ ಆಮೇಲೆ ಕೇಳುವ ಹಾಗೇ ಇರಲಿಲ್ಲ. ಪ್ಲೇಟ್ ಇನ್ನೂ ಕಾಲಲ್ಲೇ ಇದೆ. ಹಿಡಿದಿರುವ ಮನೆಯ ಕೆಲಸ ಮುಗಿಸಿ ತೆಗೆಸಬೇಕು.