ಹೆರಾಲ್ಡ್ ಕಾರಿಗೆ ಎಂಟು ಬುಶ್: ನನ್ನ ಅನುಭವ

ಹಂಪ್ ಇಳಿಯುವಾಗ ಎಡಗಡೆ ಮುಂದಿನ ಚಕ್ರದ ಹತ್ತಿರ ಟಕ್ ಅಂತ ಸದ್ದು ಬರುತ್ತಿತ್ತು. ಬ್ರೇಕ್ ಒತ್ತಿದರೆ ಕಾರು ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಚಿಕ್ಕಪ್ಪನ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್ ಅದು. ಇಂಜಿನ್, ವೈರಿಂಗ್, ಸೀಟು ಎಲ್ಲ ಒಂದು ಹದಕ್ಕೆ ಬಂದಿತ್ತು. ಉಳಿದಿದ್ದು ಮುಂದಿನ ಸಸ್ಪೆನ್ಷನ್. ಬೇಕಾಗಿದ್ದು ಬರೀ ಎಂಟು ಬುಶ್, ಅಂದರೆ ಕೀಲುಗಳಲ್ಲಿ ಕೂರುವ, ರಬ್ಬರ್ ತುಂಬಿದ ಲೋಹದ ಚಿಕ್ಕ ಕೊಳವೆಗಳು. ಅಷ್ಟಕ್ಕೇ ನನಗೆ ಏಳು ತಿಂಗಳು ಹಿಡಿಯಿತು.

ಹೆರಾಲ್ಡ್ ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆಸರಿನಲ್ಲಿ ಬಂದ ಕಾರು. ನಮ್ಮಲ್ಲಿ 1961ರಿಂದ ಮದ್ರಾಸಿನಲ್ಲಿ ತಯಾರಾಯಿತು. ಇದರ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಬಾಗುತ್ತದೆ. ಟೈರ್ ಮೇಲೆ ಕೂತುಕೊಂಡೇ ಕೆಲಸ ಮಾಡಬಹುದು. ಚಕ್ರವನ್ನು ಚಾಸಿಗೆ ಜೋಡಿಸುವ ಆರ್ಮ್‌ಗಳು ಎರಡೂ ಕಡೆ ಮೇಲೊಂದು, ಕೆಳಗೊಂದು ಕಣ್ಣೆದುರಿಗೇ ಇರುತ್ತವೆ. ಒಂದೊಂದು ಆರ್ಮ್‌ನ ಒಳತುದಿಗೆ ಎರಡು ಬುಶ್. ಒಟ್ಟು ಎಂಟು. ಚಕ್ರ ಎತ್ತಿ, ಟೈರ್ ಲಿವರ್ ಹಾಕಿ ಮೀಟಿ ನೋಡಿದೆ. ಎಡಗಡೆ ಕೆಳಗಿನ ಆರ್ಮ್ ಆಡುತ್ತಿತ್ತು. ರಬ್ಬರ್ ಒಣಗಿ ಚೂರುಚೂರಾಗಿ ಉದುರುತ್ತಿತ್ತು.

ಹುಡುಕಾಟ ಶುರುವಾಗಿದ್ದು ಜೆ.ಸಿ. ರಸ್ತೆಯಲ್ಲಿ. ಬೆಂಗಳೂರಿನಲ್ಲಿ ಕಾರಿನ ಬಿಡಿಭಾಗ ಅಂದರೆ ಮೊದಲು ನೆನಪಾಗೋದು ಅದೇ ಅಲ್ವಾ. ಎರಡು ಶನಿವಾರ ಅಂಗಡಿ ಅಂಗಡಿ ತಿರುಗಿದೆ. ಅಂಬಾಸಿಡರ್ ಬುಶ್ ಇತ್ತು, ಪದ್ಮಿನಿಯದ್ದೂ ಇತ್ತು, ಮಾರುತಿಯದ್ದು ರಾಶಿ ರಾಶಿ ಇತ್ತು. ಒಬ್ಬರು ಹಳೆಯ ಅಂಗಡಿಯವರು ನನ್ನ ಕೈಯಲ್ಲಿದ್ದ ಬುಶ್ ತಿರುಗಿಸಿ ತಿರುಗಿಸಿ ನೋಡಿದರು. "ಸರ್, ಇದು ಬಂದು ಎಷ್ಟೋ ವರ್ಷ ಆಯ್ತು. ಸೈಜ್ ನೋಡ್ಕೊಂಡು ಬೇರೆ ಯಾವ್ದಾದ್ರೂ ಹಾಕ್ಸಿ, ಓಡುತ್ತೆ" ಅಂದರು.

ನಾನೂ ಹಾಗೇ ಅಂದುಕೊಂಡು ಅಳತೆ ತೆಗೆಯುವ ವರ್ನಿಯರ್ ಹಿಡಿದು ಕೂತೆ. ಆದರೆ ಹೆರಾಲ್ಡ್‌ನಲ್ಲಿ ಎಲ್ಲವೂ ಇಂಚಿನ ಲೆಕ್ಕ. ಈಗ ಸಿಗುವ ಬುಶ್‌ಗಳು ಮಿಲಿಮೀಟರ್ ಲೆಕ್ಕದವು. ಬುಶ್‌ನ ಹೊರಗಿನ ಕಬ್ಬಿಣದ ತೋಳು (ಸ್ಲೀವ್) ಆರ್ಮ್‌ನ ಕಣ್ಣಿನೊಳಗೆ, ಅಂದರೆ ಅದರ ತುದಿಯ ತೂತಿನೊಳಗೆ, ಬಿಗಿಯಾಗಿ ಕೂರಬೇಕು. ಕೂದಲಷ್ಟು ದಪ್ಪ ಇದ್ದರೆ ಹೋಗುವುದೇ ಇಲ್ಲ, ಕೂದಲಷ್ಟು ಸಣ್ಣ ಇದ್ದರೆ ಒಳಗೇ ಜಾರಾಡುತ್ತದೆ. ಹತ್ತಿರ ಹತ್ತಿರ ಅನ್ನುವ ಮಾತು ಇಲ್ಲಿ ನಡೆಯೋದಿಲ್ಲ. ಹಳೆಯ ಬುಶ್ ಕತ್ತರಿಸಿ ತೆಗೆದಿದ್ದರಿಂದ ಅದರ ಅಳತೆಯೂ ಕೆಟ್ಟಿತ್ತು. ಅಳತೆಯನ್ನು ಯಾವಾಗಲೂ ಆರ್ಮ್‌ನ ಖಾಲಿ ಕಣ್ಣಿನಲ್ಲೇ ತೆಗೆದುಕೊಳ್ಳಿ. ಮೂರು ಕಡೆ ಅಳೆಯಿರಿ, ಕಣ್ಣು ಕೂಡ ಅಂಡಾಕಾರ ಆಗಿರಬಹುದು.

ಆಮೇಲೆ ಶಿವಾಜಿನಗರದ ಗುಜರಿ ಕಡೆ ಹೋದಾಗ ಅದೃಷ್ಟ ಖುಲಾಯಿಸಿತು ಅಂದುಕೊಂಡೆ. ಬಿಚ್ಚದ ಪೊಟ್ಟಣದಲ್ಲಿ ನಾಲ್ಕು ಹೆರಾಲ್ಡ್ ಬುಶ್! ಅಳತೆ ಸರಿಯಾಗಿ ಕೂತಿತು. ಎಡಗಡೆಗೆ ಹಾಕಿದೆ. ಮೂರೇ ತಿಂಗಳಲ್ಲಿ ಅದೇ ಟಕ್ ಸದ್ದು ವಾಪಸ್ ಬಂತು.

ಬಿಚ್ಚಿ ಮೇಜಿನ ಮೇಲಿಟ್ಟು ನೋಡಿದಾಗಲೇ ನನಗೆ ಬುಶ್ ಅಂದರೆ ಏನು ಅನ್ನೋದು ಅರ್ಥವಾಗಿದ್ದು. ನಾಲ್ಕರಲ್ಲೂ ರಬ್ಬರ್ ಒಂದೇ ದಿಕ್ಕಿಗೆ ಹರಿದಿತ್ತು. ಈ ಬುಶ್‌ನಲ್ಲಿ ಒಳಗೊಂದು ಕೊಳವೆ, ಹೊರಗೊಂದು ತೋಳು, ನಡುವೆ ರಬ್ಬರ್. ರಬ್ಬರ್ ಎರಡಕ್ಕೂ ಅಂಟಿರುತ್ತದೆ. ಬೋಲ್ಟ್ ಬಿಗಿ ಮಾಡಿದ ಮೇಲೆ ಒಳಗಿನ ಕೊಳವೆ ಅಲ್ಲಾಡುವಂತಿಲ್ಲ. ಚಕ್ರ ಮೇಲೆ ಕೆಳಗೆ ಆದಾಗ ರಬ್ಬರ್ ತಿರುಚಿಕೊಳ್ಳುತ್ತದೆ, ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಬೇರಿಂಗ್ ತರಹ ಬುಶ್ ಸುತ್ತುವುದಿಲ್ಲ. ನಾನು ಕಾರನ್ನು ಜಾಕ್ ಮೇಲೆ ಇಟ್ಟು, ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿ ಮಾಡಿದ್ದೆ. ಕಾರು ನೆಲಕ್ಕೆ ಇಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇತ್ತು. ಮೊದಲೇ ಕಪಾಟಿನಲ್ಲಿ ವರ್ಷಗಟ್ಟಲೆ ಕೂತು ಗಟ್ಟಿಯಾದ ರಬ್ಬರ್. ತಡೆಯಲಿಲ್ಲ. ರಬ್ಬರ್‌ಗೆ ವಯಸ್ಸಾಗೋದಕ್ಕೆ ಕಾರಿನಲ್ಲಿ ಓಡಲೇಬೇಕು ಅಂತಿಲ್ಲ, ಪೊಟ್ಟಣದಲ್ಲಿ ಸುಮ್ನೆ ಇದ್ದರೂ ಆಗುತ್ತದೆ.

ಮುಂದೆ ಪೀಣ್ಯ. ಅಲ್ಲಿ ರಬ್ಬರ್ ಮೋಲ್ಡಿಂಗ್ ಮಾಡುವ ಒಂದು ಚಿಕ್ಕ ಶೆಡ್‌ನವರು ಒಪ್ಪಿಕೊಂಡರು. ಲೇತ್‌ನಲ್ಲಿ ಕೊಳವೆ, ತೋಳು ಮಾಡಿಸಿ ಕೊಟ್ಟೆ. ಅವರು ನನ್ನ ಹಳೆಯ ಬುಶ್‌ಗೆ ಗೇಜ್ ಒತ್ತಿ ನೋಡಿದರು. ರಬ್ಬರ್ ಎಷ್ಟು ಗಟ್ಟಿ ಅಂತ ಹೇಳುವ ಶೋರ್ ಎ ಅಳತೆಯಲ್ಲಿ 80 ದಾಟಿತು. "ಇದನ್ನ ನೋಡ್ಕೊಂಡು ಮಾಡ್ಬಾರ್ದು ಸರ್, ಇದು ಒಣಗಿರೋದು" ಅಂದರು. 65ರ ಆಸುಪಾಸಿನಲ್ಲಿ ಮಾಡೋಣ ಅಂತ ಮಾತಾಯಿತು. ರಬ್ಬರ್ ಮೃದುತ್ವ ಚೆನ್ನಾಗಿಯೇ ಬಂತು. ಆದರೆ ಅಂಟು ಹಿಡಿದಿರಲಿಲ್ಲ.

ಅದನ್ನು ಪರೀಕ್ಷೆ ಮಾಡುವ ರೀತಿ ಹೇಳುತ್ತೇನೆ, ಯಾವ ಅಂಗಡಿಯ ಬುಶ್‌ಗೂ ಇದು ಆಗುತ್ತದೆ. ಹೊರತೋಳನ್ನು ಬೆಂಚ್ ವೈಸ್‌ನಲ್ಲಿ ಹಗುರವಾಗಿ ಹಿಡಿಸಿ. ಒಳಗಿನ ಕೊಳವೆಗೆ ಬೋಲ್ಟ್ ತೂರಿಸಿ, ಎರಡೂ ಕಡೆ ವಾಷರ್ ಹಾಕಿ ನಟ್ ಬಿಗಿ ಮಾಡಿ. ಆಮೇಲೆ ಸ್ಪ್ಯಾನರ್‌ನಿಂದ ಸ್ವಲ್ಪವೇ ತಿರುಗಿಸಿ, ಬಿಟ್ಟುಬಿಡಿ. ಒಳ್ಳೆಯ ಬುಶ್ ಆದರೆ ಸ್ಪ್ಯಾನರ್ ತಾನಾಗಿಯೇ ವಾಪಸ್ ಬರುತ್ತದೆ, ಕೈಗೆ ಗೊತ್ತಾಗುತ್ತದೆ. ಪೀಣ್ಯದ ಸ್ಯಾಂಪಲ್‌ನಲ್ಲಿ ಕೊಳವೆ ಕಿರ್ ಅಂತ ಜಾರಿ, ಹೋದಲ್ಲೇ ನಿಂತಿತು. ಲೋಹವನ್ನು ಉಜ್ಜಿ, ಎಣ್ಣೆ ಜಿಡ್ಡು ಪೂರ್ತಿ ತೆಗೆದು, ಅಂಟು ಬಳಿದು, ಆಮೇಲೆ ಬಿಸಿ ಅಚ್ಚಿನಲ್ಲಿ ರಬ್ಬರ್ ಹಾಕಬೇಕು. ಎಂಟೇ ಬುಶ್‌ಗೆ ಅಷ್ಟೆಲ್ಲ ಮಾಡಲು ಅವರಿಗೆ ಗಿಟ್ಟುವುದಿಲ್ಲ. ಅವರು ಅದನ್ನು ನೇರವಾಗಿ ಹೇಳಿದ್ದು ನನಗೆ ಇಷ್ಟವಾಯಿತು.

ಕೊನೆಗೆ ಇಂಗ್ಲೆಂಡಿನಿಂದಲೇ ತರಿಸಿದೆ. ಹೆರಾಲ್ಡ್‌ನ ಮುಂದಿನ ಸಸ್ಪೆನ್ಷನ್ನೇ ಟ್ರಯಂಫ್‌ನ ಸ್ಪಿಟ್‌ಫೈರ್, ವಿಟೆಸ್, ಜಿಟಿ6 ಕಾರುಗಳಲ್ಲೂ ಸ್ವಲ್ಪ ಹೆಚ್ಚುಕಡಿಮೆಯೊಂದಿಗೆ ಇದೆ. ಅಲ್ಲಿ ಸ್ಪಿಟ್‌ಫೈರ್ ಇಟ್ಟುಕೊಂಡವರು ಬಹಳ ಜನ. ಹಾಗಾಗಿ ಈ ಬುಶ್ ಇವತ್ತಿಗೂ ಹೊಸದಾಗಿ ತಯಾರಾಗುತ್ತದೆ. ನಾನು ಮೊದಲ ದಿನದಿಂದ ಹೆರಾಲ್ಡ್ ಬುಶ್ ಅಂತಲೇ ಕೇಳುತ್ತಿದ್ದೆ, ಸ್ಪಿಟ್‌ಫೈರ್ ಹೆಸರಿನಲ್ಲಿ ಹುಡುಕಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು. ಕೊರಿಯರ್, ಕಸ್ಟಮ್ಸ್ ಎರಡೂ ಸೇರಿ ಬುಶ್‌ಗಿಂತ ಜಾಸ್ತಿ ಆಯಿತು. ಹಳೇ ಕಾರು ಇಟ್ಟುಕೊಂಡಿರುವ ಇನ್ನೊಬ್ಬ ಗೆಳೆಯರ ಸಾಮಾನು ಜೊತೆಗೆ ತರಿಸಿ ಖರ್ಚು ಹಂಚಿಕೊಂಡೆವು.

ಪಾಲಿಯುರೆಥೇನ್ ಬುಶ್ ಕೂಡ ಸಿಗುತ್ತಿತ್ತು. ಅದು ಬಾಳಿಕೆ ಬರುತ್ತದೆ, ಕೈಯಲ್ಲೇ ಒತ್ತಿ ಹಾಕಬಹುದು. ಆದರೆ ಅದು ಗಡಸು. ನಮ್ಮ ರಸ್ತೆಯ ಗುಂಡಿಗಳ ಪೆಟ್ಟು ನೇರ ಚಾಸಿಗೆ ಹೋಗುತ್ತದೆ. ರೇಸಿಗೆ ಸರಿ. ಭಾನುವಾರ ಬೆಳಗ್ಗೆ ಅಮ್ಮನನ್ನು ಕೂರಿಸಿಕೊಂಡು ಬಸವನಗುಡಿಗೆ ಹೋಗುವ ಕಾರಿಗೆ ರಬ್ಬರೇ ಚೆಂದ ಅನ್ನೋದು ನನ್ನ ಅಭಿಪ್ರಾಯ.

ಹಾಕುವ ಕೆಲಸ ಒಂದು ದಿನದ್ದು. ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಒಟ್ಟಿಗೆ ಒಂದೇ ಜೋಡಣೆಯಾಗಿ ಹೊರಬರುತ್ತವೆ, ಅವನ್ನು ಬೇರೆ ಮಾಡಲು ಹೋಗಬೇಡಿ. ಒತ್ತಿಹಿಡಿದ ಸ್ಪ್ರಿಂಗ್ ಚಿಮ್ಮಿದರೆ ಕೈ ಹೋಗುತ್ತದೆ. ಕೆಳಗಿನ ಆರ್ಮ್‌ನ ಬ್ರಾಕೆಟ್ ಹಿಂದೆ ಶಿಮ್ ಅನ್ನುವ ತೆಳು ತಗಡಿನ ತುಂಡುಗಳಿರುತ್ತವೆ. ಎಲ್ಲಿ ಎಷ್ಟಿತ್ತೋ ಅಲ್ಲಿ ಅಷ್ಟೇ ವಾಪಸ್ ಹೋಗಬೇಕು, ಇಲ್ಲದಿದ್ದರೆ ಚಕ್ರದ ಓರೆ ಬದಲಾಗುತ್ತದೆ. ನಾನು ಪ್ರತಿಯೊಂದು ಗುಂಪಿಗೂ ದಾರ ಕಟ್ಟಿ ಚೀಟಿ ಅಂಟಿಸಿದ್ದೆ. ಹೊಸ ಬುಶ್‌ಗಳು ರಾತ್ರಿಯೆಲ್ಲ ಫ್ರೀಜರ್‌ನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಇದ್ದವು. ತಣ್ಣಗಾದ ಲೋಹ ಒಂಚೂರು ಕುಗ್ಗುತ್ತದೆ. ವೈಸ್‌ನಲ್ಲಿ ಸಾಕೆಟ್ ಇಟ್ಟು ಹೊರತೋಳನ್ನು ಮಾತ್ರ ಒತ್ತಿದೆ. ನಡುವಿನ ಕೊಳವೆಯನ್ನು ಒತ್ತಿದರೆ ಅಂಟು ಅಲ್ಲೇ ಬಿಟ್ಟುಕೊಳ್ಳುತ್ತದೆ.

ಬೋಲ್ಟ್‌ಗಳನ್ನು ಈ ಸಲ ಸಡಿಲವಾಗಿಯೇ ಬಿಟ್ಟು ಕಾರನ್ನು ನೆಲಕ್ಕೆ ಇಳಿಸಿದೆ. ಮುಂದಿನ ಎರಡೂ ಸೀಟಿನ ಮೇಲೆ 25 ಕೆಜಿಯ ಎರಡೆರಡು ಅಕ್ಕಿ ಚೀಲ ಇಟ್ಟೆ. ನಾಲ್ಕು ಅಡಿ ಮುಂದೆ, ನಾಲ್ಕು ಅಡಿ ಹಿಂದೆ ತಳ್ಳಿದೆ. ಕಾರು ತನ್ನ ಎತ್ತರಕ್ಕೆ ಕೂತ ಮೇಲೆ ಬಾನೆಟ್ ಎತ್ತಿ ಎಲ್ಲ ಬೋಲ್ಟ್ ಬಿಗಿ ಮಾಡಿದೆ. ಹೇಗೂ ಬಿಚ್ಚಿದ್ದೆ ಅಂತ ಕೆಳಗಿನ ಟ್ರನಿಯನ್‌ಗೂ (ಚಕ್ರದ ಕಂಬ ಕೆಳಗಿನ ಆರ್ಮ್‌ಗೆ ಸೇರುವ, ತಿರುಗುವ ಕೀಲು) ಇಪಿ90 ಗೇರ್ ಎಣ್ಣೆ ಹಾಕಿದೆ. ಅಲ್ಲಿಗೆ ಗ್ರೀಸ್ ಬೇಡ, ಎಣ್ಣೆಯೇ ಬೇಕು. ಅದು ಒಣಗಿದರೆ ಒಳಗೆ ತುಕ್ಕು ಹಿಡಿದು ತುಂಡಾಗುತ್ತದೆ, ಚಕ್ರವೇ ಮಡಚಿಕೊಳ್ಳುತ್ತದೆ.

ಒಂದು ವರ್ಷ ದಾಟಿದೆ. ಹಂಪ್ ಇಳಿಯುವಾಗ ಸದ್ದಿಲ್ಲ, ಬ್ರೇಕ್ ಒತ್ತಿದರೆ ಕಾರು ನೆಟ್ಟಗೆ ನಿಲ್ಲುತ್ತದೆ. ಈಗ ರೇಡಿಯಸ್ ರಾಡ್, ಅಂದರೆ ಹಿಂದಿನ ಚಕ್ರ ಹಿಂದೆಮುಂದೆ ಸರಿಯದಂತೆ ಹಿಡಿಯುವ ಸರಳಿನ ಬುಶ್‌ಗಳ ಸರದಿ. ಅವನ್ನು ಇನ್ನೂ ಬಿಚ್ಚಿಲ್ಲ. ಸ್ಪಿಟ್‌ಫೈರ್‌ಗೆ ಅದೇ ಬರುತ್ತದಾ ಅಂತ ಮೊದಲು ಕೇಳಿ ಕಾಗದ ಬರೆದಿದ್ದೇನೆ.